ಕರ್ತೃವಿಲ್ಲದ ಗದ್ಯ

೧

ಕನ್ನಡಿಗರು ಇಂದು ದಿನಂಪ್ರತಿ ಓದುವ ಗದ್ಯದಲ್ಲಿ ಹೆಚ್ಚಿನ ಪಾಲು ಯಾವುದು? ಈ ಪ್ರಶ್ನೆಯನ್ನು ಸಾಹಿತ್ಯಾಭಿಮಾನಿಗಳ ಮುಂದಿಟ್ಟರೆ ಒಬ್ಬರು ಕಾದಂಬರಿಯೆಂದಾರು, ಇನ್ನೊಬ್ಬರು ವೃತ್ತಪತ್ರಿಕೆಯೆಂದಾರು, ಮತ್ತೊಬ್ಬರು ನಿಟ್ಟುಸಿರುಬಿಟ್ಟು ಈಗ ಯಾರೂ ಏನನ್ನೂ ಓದುವುದಿಲ್ಲವೆಂದಾರು. ಮೂವರ ಉತ್ತರವೂ ನಮಗೆ ಸಮ್ಮತವಲ್ಲ. ಜನರು ಓದುತ್ತಿರುವರು. ಆದರೆ ಅವರು ಓದುವುದು ಅಂಗೈಯಗಲದ ಗಾಜಿನ ಮೇಲೆ ಮೂಡಿ ಮರೆಯಾಗುವ ಒಂದೆರಡು ಸಾಲುಗಳನ್ನು. ಬ್ಯಾಂಕಿನ ಸಂದೇಶ, ಪಡಿತರದ ಸೂಚನೆ, ಕೊಟ್ಟ ಅರ್ಜಿಯ ಗತಿ, ಹಣ ಸಂದ ವಾರ್ತೆ, ‘ಒಪ್ಪುತ್ತೇನೆ’ ಎಂಬ ಗುಂಡಿಯ ಮೇಲಣ ಬರೆಹ, ಇವೇ ಆ ಸಾಲುಗಳು. ಕೊಳಗಲ್ಲು, ಕುರುಗೋಡು, ಸಿರುಗುಪ್ಪಗಳ ಸೀಮೆಯಲ್ಲಿ ಯಾವ ಹಳ್ಳಿಯ ಕಟ್ಟೆಯ ಬಳಿ ನಿಂತು ನೋಡಿದರೂ ಇದು ಕಣ್ಣಿಗೆ ಬೀಳುವುದು. ಕಾದಂಬರಿಯನ್ನು ಓದದೆ ಮನುಷ್ಯನು ಬಾಳಬಲ್ಲನು. ಈ ಸಾಲುಗಳನ್ನು ಓದದೆ ಇಂದು ಒಕ್ಕಲಿಗನ ಕಾಳು, ಕೂಲಿ, ಹೊಲ, ಸಾಲ ಒಂದೂ ನಡೆಯದು.

ಹೀಗಿರಲು, ಈ ಗದ್ಯದ ಗುಣದೋಷಗಳನ್ನು ನಮ್ಮ ವಿಮರ್ಶಕರು ಏಕೆ ವಿಚಾರಿಸಬಾರದು? ‘ಇದು ಸಾಹಿತ್ಯವಲ್ಲ, ವ್ಯವಹಾರ, ಇದರಲ್ಲಿ ರಸವೆಲ್ಲಿಯದು, ಧ್ವನಿಯೆಲ್ಲಿಯದು?’ ಎಂದು ಕೆಲವರು ಆಕ್ಷೇಪಿಸಬಹುದು. ರಸವಿಲ್ಲವೆಂಬುದು ನಿಜ. ಆದರೆ ನಮ್ಮ ಭಾಷೆಯಲ್ಲಿ ದೊರೆತಿರುವ ಮೊದಲನೆಯ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ದೋಷಗಳನ್ನು ವಿಂಗಡಿಸಿ ತೋರಿಸುವುದಕ್ಕಾಗಿ ಎಷ್ಟು ಶ್ರಮಪಟ್ಟಿರುವುದೆಂಬುದನ್ನು ವಾಚಕರು ಬಲ್ಲರು. ಮಾತು ಕೆಟ್ಟರೆ ಅರ್ಥ ಕೆಡುವುದೆಂಬ ಕಳಕಳಿಯೇ ಆ ಶ್ರಮದ ಮೂಲ. ಒಂದು ಪ್ರೇಮಗೀತದಲ್ಲಿ ಅರ್ಥವು ಕೆಟ್ಟರೆ ಓದುಗನಿಗೆ ಬೇಸರವಾಗುವುದು, ಅಷ್ಟೆ. ಬ್ಯಾಂಕಿನ ಸಂದೇಶದಲ್ಲಿ ಅರ್ಥವು ಕೆಟ್ಟರೆ ಅವನ ದುಡಿಮೆಯೇ ಹೋಗುವುದು. ಯಾವುದಕ್ಕೆ ಹೆಚ್ಚು ಎಚ್ಚರಿಕೆಯ ವಿಮರ್ಶೆ ಬೇಕೆಂಬುದನ್ನು ಸಹೃದಯರೇ ನಿರ್ಣಯಿಸಲಿ.

೨

ಹೊಸ ಬರೆಹವನ್ನು ಅಳೆಯುವುದಕ್ಕೆ ಮೊದಲು ಹಳೆಯ ಬರೆಹವು ಯಾವ ಅಳತೆಯನ್ನು ನಮಗೆ ಕೊಟ್ಟುಹೋಗಿದೆಯೆಂಬುದನ್ನು ನೋಡಬೇಕು. ಅದಕ್ಕಾಗಿ ದೂರ ಹೋಗಬೇಕಾದುದಿಲ್ಲ. ಕೊಳಗಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಒಂದು ಶಿಲಾಶಾಸನವು ದೊರೆತಿದೆ. ಕ್ರಿ. ಶ. ೯೬೭ರ ಈ ಶಾಸನವು ಮುಮ್ಮಡಿ ಕೃಷ್ಣನು ಕಾಲವಾದುದನ್ನೂ ಖೊಟ್ಟಿಗನು ಪಟ್ಟಕ್ಕೆ ಬಂದುದನ್ನೂ ತಿಳಿಸುವುದು. ಗೌಡದೇಶದಿಂದ, ಎಂದರೆ ಈಗಿನ ಬಂಗಾಳದ ಕಡೆಯಿಂದ, ಬಂದ ಗದಾಧರನೆಂಬ ತಪಸ್ವಿಯು ಇಲ್ಲಿ ದೇವತಾಪ್ರತಿಷ್ಠೆಯನ್ನು ಮಾಡಿದುದನ್ನೂ ಹೇಳುವುದು. ಮುಮ್ಮಡಿ ಕೃಷ್ಣನ ಮರಣಕಾಲವನ್ನು ನಿಶ್ಚಯಿಸುವುದಕ್ಕೆ ಚರಿತ್ರಕಾರರು ಈ ಕಲ್ಲನ್ನೇ ಮುಖ್ಯ ಆಧಾರವಾಗಿ ಹಿಡಿದಿರುವರು. ಒಬ್ಬ ಚಕ್ರವರ್ತಿಯ ಮರಣವಾರ್ತೆಯು ಸಾವಿರ ವರ್ಷಕ್ಕೂ ಮಿಕ್ಕಿದ ಕಾಲದವರೆಗೆ ಒಂದು ಹಳ್ಳಿಯ ಕಲ್ಲಿನಲ್ಲಿ ಉಳಿಯಿತೆಂದರೆ ಅದು ಸಾಮಾನ್ಯವಾದ ವಿಷಯವಲ್ಲ.

ನಮ್ಮ ಶಾಸನಗಳ ರೀತಿಯನ್ನು ಸ್ವಲ್ಪ ಗಮನಿಸೋಣ. ಯಾರ ಆಳ್ವಿಕೆಯಲ್ಲಿ, ಯಾವ ದಿನ, ಯಾರು ಯಾರಿಗೆ ಏನನ್ನು ಕೊಟ್ಟರು, ಆ ಭೂಮಿಯ ಎಲ್ಲೆ ಯಾವುದು, ಯಾರು ಸಾಕ್ಷಿ, ಇವನ್ನು ಅವು ಒಂದೊಂದಾಗಿ ಹೇಳುವುವು. ಅನೇಕ ಶಾಸನಗಳಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಇರುವುವು. ಅಳಿದವನಿಗೆ ಏನಾಗುವುದೆಂಬ ಶಾಪವೂ ಕೊನೆಗೆ ಬರುವುದು. ಎಂದರೆ ಆ ವಾಕ್ಯಕ್ಕೆ ಹಿಂದೆಯೂ ಒಬ್ಬನು ನಿಂತಿರುವನು, ಮುಂದೆಯೂ ಒಬ್ಬನು ಕಾದಿರುವನು. ನಮ್ಮ ಹಿರಿಯರು ಬರೆಯಿಸಿದ ಕ್ರಯಪತ್ರಗಳೂ ಹೀಗೆಯೇ. ಮಾರಿದವನು ತನ್ನ ಹೆಸರನ್ನು ಹೇಳಿ, ತಾನೇ ಬರೆಯಿಸಿಕೊಟ್ಟೆನೆಂದು ಒಪ್ಪಿ, ಓದಿಸಿ ಕೇಳಿ, ರುಜುವನ್ನೋ ಹೆಬ್ಬೆಟ್ಟನ್ನೋ ಹಾಕುವನು, ಸಾಕ್ಷಿಗಳು ಹಾಕುವರು, ಕೊನೆಗೆ ‘ಬಿಕ್ಕಲಂ’ ಎಂದು ಬರೆದವನೂ ತನ್ನ ಹೆಸರನ್ನು ಕಾಣಿಸುವನು. ಓದು ಬಾರದವನಿಗೆ ಪತ್ರವನ್ನು ಓದಿಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯವೆಂಬುದು ಊರಿಗೆಲ್ಲ ಗೊತ್ತಿದ್ದ ನೀತಿ. ಓಣಿಯಲ್ಲಿ ಡಂಗುರ ಸಾರಿದ ತಳವಾರನನ್ನು ಕೂಡ ‘ಏನಂದಿಯಪ್ಪ, ಇನ್ನೊಮ್ಮೆ ಹೇಳು’ ಎಂದು ಮುದುಕಿಯೊಬ್ಬಳು ನಿಲ್ಲಿಸಿ ಕೇಳಬಹುದಾಗಿತ್ತು.

ಅಚ್ಚಿನ ಯಂತ್ರವು ಬಂದಾಗಲೂ ಈ ಕಟ್ಟು ಮುರಿಯಲಿಲ್ಲ. ೧೮೪೩ನೆಯ ಜುಲೈ ೧ರಂದು ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನ ಮೂಲಕ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಆ ಮೊದಲ ಪತ್ರಿಕೆಯು ಮರುವರ್ಷವೇ ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಅಚ್ಚಾಗತೊಡಗಿತೆಂಬುದು ಈ ಜಿಲ್ಲೆಯವರು ನೆನಪಿನಲ್ಲಿಡತಕ್ಕ ಸಂಗತಿ. ೧೯೨೬ರಲ್ಲಿ ಬಳ್ಳಾರಿಯಲ್ಲಿ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷರಾಗಿದ್ದ ಫ. ಗು. ಹಳಕಟ್ಟಿಯವರು ಅದಕ್ಕೆ ಹಿಂದಿನ ವರ್ಷವೇ ವಚನಗಳ ಪ್ರಕಟನೆಗಾಗಿ ಸ್ವಂತ ಮುದ್ರಣಾಲಯವನ್ನು ಹೂಡಿದ್ದರು. ಅಂದಿನ ಹೊಸ ಯಂತ್ರವನ್ನು ಸಾಹಿತ್ಯದವರು ದೂರದಿಂದ ನೋಡಿ ಮೂಗುಮುರಿಯಲಿಲ್ಲ. ತಾವೇ ಒಳಹೊಕ್ಕು ಅಕ್ಷರಕ್ಷರವನ್ನೂ ತಿದ್ದಿದರು. ಅಚ್ಚಾದ ವಾಕ್ಯಕ್ಕೆ ಸಂಪಾದಕನೆಂಬ ಒಡೆಯನಿದ್ದನು.

ಈ ವಿವರಗಳಿಂದ ನಮಗೆ ದೊರೆಯುವ ಅಳತೆಯು ಇದು: ಜನರ ಬಾಳಿಗೆ ಸಂಬಂಧಿಸಿದ ವಾಕ್ಯಕ್ಕೆ ಕರ್ತೃವಿರಬೇಕು. ವ್ಯಾಕರಣದ ಕರ್ತೃವೂ ಬೇಕು, ಹೊಣೆ ಹೊರುವ ಕರ್ತೃವೂ ಬೇಕು. ಈ ಎರಡೂ ಬೇರೆ ಬೇರೆಯೆಂದು ತೋರಿದರೂ ಒಂದು ಹೋದೆಡೆ ಇನ್ನೊಂದು ಹೆಚ್ಚು ಕಾಲ ನಿಲ್ಲಲಾರದೆಂಬುದೇ ಈ ಲೇಖನದ ಅಭಿಪ್ರಾಯ.

೩

ಯಂತ್ರವು ಮಾಡಿದ ಉಪಕಾರವನ್ನು ಹೇಳದೆ ದೋಷವನ್ನೆತ್ತುವುದು ನ್ಯಾಯವಲ್ಲ. ಕನ್ನಡ ಲಿಪಿಯು ಗಣಕಯಂತ್ರದೊಳಗೆ ತಾನಾಗಿ ಬಂದು ಕೂಡಲಿಲ್ಲ. ೧೯೯೧ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ನಮ್ಮ ಅಕ್ಷರಗಳಿಗೆ ಸ್ಥಾನ ದೊರೆಯಿತು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯನ್ನು ರಚಿಸಿದರು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ‘ಬರಹ’ವನ್ನು ಕೊಟ್ಟರು, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯವು ಆರಂಭವಾಯಿತು. ಈ ಮಹನೀಯರ ಮತ್ತು ಸಂಸ್ಥೆಗಳ ಶ್ರಮದಿಂದಲೇ ಇಂದು ಹಳ್ಳಿಯ ಹುಡುಗನೂ ತನ್ನ ಕೈಯ ಫೋನಿನಲ್ಲಿ ಕನ್ನಡವನ್ನು ಬರೆಯುವನು.

ಇನ್ನು ಹೊಲದ ದಾಖಲೆಯ ವಿಷಯ. ಮೊದಲು ಪಹಣಿಯೆಂಬುದು ಕೈಬರೆಹದ ಪುಸ್ತಕವಾಗಿದ್ದಿತು. ಅದನ್ನು ಬರೆದವರಿಗೆ ಮಾತ್ರ ಅದರ ಅಕ್ಷರ ತಿಳಿಯುತ್ತಿದ್ದುದೂ ಉಂಟು. ಒಂದು ನಕಲಿಗಾಗಿ ರೈತನು ವಾರಗಟ್ಟಲೆ ಅಲೆದುದೂ ಉಂಟು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಿಂದ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕೇಂದ್ರದಲ್ಲಿ ಆಗ ೧೫ ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿಯು ಕೈಗೆ ಬರುತ್ತಿದ್ದಿತು. ಕೈಬರೆಹದ ಪಹಣಿಗೆ ಮಾನ್ಯತೆ ನಿಂತಿತು. ಒಬ್ಬ ವ್ಯಕ್ತಿಯ ದಯೆಯಿಂದ ದೊರೆಯುತ್ತಿದ್ದ ಕಾಗದವು ಹಕ್ಕಿನಿಂದ ದೊರೆಯುವಂತಾದುದು ಚಿಕ್ಕ ಸುಧಾರಣೆಯಲ್ಲ. ಯೋಜನೆಗೆ ಇಟ್ಟ ಹೆಸರೂ ಸುಂದರವಾದುದು.

ಆಗ ಈ ಕಾಗದದಲ್ಲಿದ್ದ ಮಾತುಗಳೂ ಹಳೆಯವೇ ಆಗಿದ್ದುವು. ಪಹಣಿ, ಖಾತೆ, ಖುಷ್ಕಿ, ತರಿ, ಬಾಗಾಯ್ತು, ಖರಾಬು ಮೊದಲಾದುವು ಮರಾಠಿ, ಪಾರಸಿಗಳ ಕಡೆಯಿಂದ ಬಂದ ಶಬ್ದಗಳಾದರೂ ತಲೆಮಾರುಗಳ ಬಳಕೆಯಿಂದ ಒಕ್ಕಲಿಗನ ಸ್ವಂತ ಮಾತುಗಳಾಗಿವೆ. ಆದಕಾರಣ, ಮುಂದೆ ನಾವು ಎತ್ತುವ ಆಕ್ಷೇಪಣೆಯು ಅನ್ಯದೇಶ್ಯ ಶಬ್ದಗಳ ಮೇಲಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವೆವು. ಮೊಬೈಲು, ರೀಚಾರ್ಜು, ನೆಟ್‌ವರ್ಕು, ಅಕೌಂಟು ಇವೂ ಖುಷ್ಕಿ, ತರಿಗಳ ಹಾದಿಯಲ್ಲೇ ನಡೆದುಬಂದಿವೆ. ಅವುಗಳಿಂದ ಕನ್ನಡಕ್ಕೆ ಕೇಡಿಲ್ಲ. ಕೇಡು ಶಬ್ದದಲ್ಲಿಲ್ಲ, ವಾಕ್ಯದಲ್ಲಿದೆ. ಯಂತ್ರದೊಳಕ್ಕೆ ನಮ್ಮ ಲಿಪಿ ಹೋಯಿತು. ನಮ್ಮ ವಾಕ್ಯ ಹೊರಗೇ ನಿಂತಿತು.

೪

ಈ ಗದ್ಯದ ಮೊದಲನೆಯ ದೋಷವನ್ನು ವಿಭಕ್ತಿಭಂಗವೆಂದು ಕರೆಯಬಹುದು. ಇದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಯಂತ್ರಕ್ಕೆ ಬೇಕಾದ ವಾಕ್ಯಗಳನ್ನು ಮೊದಲು ಇಂಗ್ಲಿಷಿನಲ್ಲಿ ರಚಿಸಿ, ಹೆಸರು, ಊರು, ಮೊತ್ತ ಬರಬೇಕಾದೆಡೆ ಖಾಲಿ ಜಾಗವನ್ನು ಬಿಡುವರು. ಆಮೇಲೆ ಆ ವಾಕ್ಯಗಳನ್ನು ಬಿಡಿಬಿಡಿಯಾಗಿ ಕನ್ನಡಕ್ಕೆ ತಿರುಗಿಸುವರು. ಇಂಗ್ಲಿಷಿನಲ್ಲಿ ನಾಮಪದವು ಬದಲಾಗದೆ ನಿಲ್ಲುವುದು. ಸಂಬಂಧವನ್ನು ತಿಳಿಸುವ ಪದವು ಅದರ ಮುಂದೆ ಬೇರೆಯಾಗಿ ನಿಲ್ಲುವುದು. ಆದುದರಿಂದ ಅಲ್ಲಿ ಖಾಲಿ ಜಾಗದಲ್ಲಿ ಯಾವ ಹೆಸರನ್ನಿಟ್ಟರೂ ವಾಕ್ಯಕ್ಕೆ ಭಂಗವಿಲ್ಲ. ಕನ್ನಡದಲ್ಲಿ ಹಾಗಲ್ಲ. ವಿಭಕ್ತಿಪ್ರತ್ಯಯವು ಹೆಸರಿನೊಡನೆ ಬೆಸೆದುಕೊಳ್ಳುವುದು. ಹೆಸರಿನ ಕೊನೆಯ ಸ್ವರಕ್ಕೆ ತಕ್ಕಂತೆ ರೂಪವು ಬೇರೆಯಾಗುವುದು. ಕೊಳಗಲ್ಲು ‘ಕೊಳಗಲ್ಲಿಗೆ’ ಆಗುವುದು, ಸಿರುಗುಪ್ಪ ‘ಸಿರುಗುಪ್ಪಕ್ಕೆ’ ಆಗುವುದು, ಬಳ್ಳಾರಿ ‘ಬಳ್ಳಾರಿಗೆ’ ಆಗುವುದು. ಕೊಳಗಲ್ಲಿನಿಂದ, ಸಿರುಗುಪ್ಪದಿಂದ, ಬಳ್ಳಾರಿಯಿಂದ ಎಂದು ಮೂರು ವರ್ಷದ ಮಗುವೂ ತಪ್ಪಿಲ್ಲದೆ ಹೇಳುವುದು. ಯಂತ್ರವೋ ‘ಕೊಳಗಲ್ಲು ಇಂದ’, ‘ಸಿರುಗುಪ್ಪ ಗೆ’, ‘ಬಳ್ಳಾರಿ ಅನ್ನು’ ಎಂದು ಮುರಿದ ಮಾತನ್ನಾಡುವುದು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲೇ ಸಂಧಿಯನ್ನೂ ವಿಭಕ್ತಿಯನ್ನೂ ಸೂತ್ರಗಳಲ್ಲಿ ಕಟ್ಟಿಕೊಟ್ಟಿರುವನು. ಸೂತ್ರವಿರುವೆಡೆ ಯಂತ್ರಕ್ಕೆ ಕಲಿಸುವುದು ಅಸಾಧ್ಯವಲ್ಲ. ಕಲಿಸಬೇಕೆಂಬ ಮನಸ್ಸು ಇರಲಿಲ್ಲವೆಂದಷ್ಟೇ ಹೇಳಬೇಕು.

ಎರಡನೆಯದು ಕರ್ತೃಲೋಪ, ಇದು ಮೊದಲನೆಯದಕ್ಕಿಂತ ಭಾರವಾದ ದೋಷ. ಈ ಮಾದರಿಯ ವಾಕ್ಯಗಳನ್ನು ವಾಚಕರು ನಿತ್ಯವೂ ಕಾಣುವರು: ‘ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ‘ನಿಮ್ಮ ಖಾತೆಯಿಂದ ಮೊತ್ತವನ್ನು ಕಡಿತಗೊಳಿಸಲಾಗಿದೆ.’ ‘ನಿಮ್ಮ ವಿನಂತಿಯನ್ನು ಪ್ರಕ್ರಿಯೆಗೊಳಿಸಲಾಗುತ್ತಿದೆ.’ ತಿರಸ್ಕರಿಸಿದವರು ಯಾರು? ಕಡಿದವರು ಯಾರು? ಅರ್ಜಿಯು ಈಗ ಯಾರ ಕೈಯಲ್ಲಿದೆ? ‘ಲಾಗಿದೆ’ ಎಂಬ ಆ ಬಾಲವು ಈ ಎಲ್ಲ ಪ್ರಶ್ನೆಗಳನ್ನೂ ನುಂಗಿಕೊಳ್ಳುವುದು. ಕಚೇರಿಯ ಕನ್ನಡದಲ್ಲಿ ಈ ಬಾಲವು ಫೋನಿಗಿಂತ ಎಷ್ಟೋ ಮೊದಲೇ ಬೆಳೆದಿದ್ದಿತೆಂಬುದನ್ನು ನಾವು ಮರೆತಿಲ್ಲ. ಆದರೆ ಕಚೇರಿಯ ಕಾಗದದ ಕೆಳಗೆ ಒಂದು ರುಜು ಇರುತ್ತಿದ್ದಿತು, ಒಂದು ಮೊಹರು ಇರುತ್ತಿದ್ದಿತು. ಆ ಕಾಗದವನ್ನು ಹಿಡಿದು ಒಂದು ಬಾಗಿಲಿಗೆ ಹೋಗಿ ನಿಲ್ಲಬಹುದಾಗಿದ್ದಿತು. ಯಂತ್ರದ ಸಂದೇಶಕ್ಕೆ ಮರುಮಾತನ್ನು ಬರೆದರೆ ಅನೇಕವೇಳೆ ಅದು ಹೋಗಿ ಸೇರುವ ಸ್ಥಳವೇ ಇಲ್ಲ. ಕನ್ನಡದ ಆಡುಮಾತಿನಲ್ಲಿ ಕರ್ಮಣಿಪ್ರಯೋಗವು ವಿರಳ. ‘ಎತ್ತನ್ನು ಕಟ್ಟಲಾಗಿದೆ’ ಎಂದು ಯಾವ ರೈತನೂ ಮನೆಯಲ್ಲಿ ಹೇಳುವುದಿಲ್ಲ. ‘ಎತ್ತು ಕಟ್ಟಿದೀನಿ’ ಎನ್ನುವನು, ಅಥವಾ ‘ತಮ್ಮ ಕಟ್ಟ್ಯಾನ’ ಎನ್ನುವನು. ಎತ್ತು ಬಿಚ್ಚಿಕೊಂಡು ಹೋದರೆ ಯಾರನ್ನು ಕೇಳಬೇಕೆಂಬುದು ಆ ಮಾತಿನಲ್ಲೇ ಅಡಗಿದೆ.

ಸಮ್ಮತಿಯ ವಾಕ್ಯದಲ್ಲಿ ಈ ದೋಷವು ಇನ್ನೊಂದು ವೇಷವನ್ನು ತೊಡುವುದು: ‘ಮುಂದುವರಿಯುವ ಮೂಲಕ ನೀವು ನಮ್ಮ ನಿಯಮಗಳು ಮತ್ತು ಷರತ್ತುಗಳನ್ನು ಒಪ್ಪುತ್ತೀರಿ.’ ಇಲ್ಲಿ ಕರ್ತೃವು ‘ನೀವು’ ಎಂದು ಕಾಣುವುದೇನೋ ನಿಜ. ಆದರೆ ಒಪ್ಪುವವನ ಬಾಯಿಂದ ಬರಬೇಕಾದ ಮಾತನ್ನು ಒಪ್ಪಿಸಿಕೊಳ್ಳುವವನೇ ಆಡಿ ಮುಗಿಸಿರುವನು. ಕ್ರಯಪತ್ರದ ‘ಬರೆಯಿಸಿಕೊಟ್ಟೆನು’ ಎಂಬ ಮಾತಿಗೂ ಇದಕ್ಕೂ ಎಷ್ಟು ಅಂತರ! ಅಲ್ಲಿ ಓದಿಹೇಳುವವರಿದ್ದರು, ಕೇಳುವವರಿದ್ದರು. ಇಲ್ಲಿ ಹತ್ತಾರು ಪುಟಗಳ ಷರತ್ತುಗಳು ಒಂದು ಗುಂಡಿಯ ಹಿಂದೆ ಮಲಗಿರುವುವು, ಅದೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ.

ಮೂರನೆಯ ದೋಷವು ಹೆಸರಿಗೆ ಸಂಬಂಧಿಸಿದುದು. ಹಳೆಯ ಕಾವ್ಯಗಳನ್ನು ಪರಿಷ್ಕರಿಸುವವರು ಪಾಠಾಂತರಗಳನ್ನು ಬಲ್ಲರು. ಒಂದು ಓಲೆಯಲ್ಲಿ ಒಂದು ರೂಪ, ಇನ್ನೊಂದರಲ್ಲಿ ಇನ್ನೊಂದು ರೂಪ ಕಂಡರೆ ಅವರು ಕವಿಗಳು ಇಬ್ಬರೆಂದು ತೀರ್ಮಾನಿಸುವುದಿಲ್ಲ. ಸಂದರ್ಭವನ್ನು ನೋಡಿ, ಲಿಪಿಕಾರನ ಕೈತಪ್ಪನ್ನು ಊಹಿಸಿ, ಒಬ್ಬನೇ ಕವಿಯೆಂದು ತಿಳಿಯುವರು. ಯಂತ್ರಕ್ಕೆ ಈ ವಿವೇಕವಿಲ್ಲ. ನಮ್ಮ ಸೀಮೆಯಲ್ಲಿ ಎರ್ರಿಸ್ವಾಮಿ, ಹುಲುಗಪ್ಪ ಎಂಬ ಹೆಸರುಗಳು ಬಹಳ. ಪಹಣಿಯಲ್ಲಿ ‘ಎರ್ರಿಸ್ವಾಮಿ’, ಇನ್ನೊಂದು ಕಾಗದದಲ್ಲಿ ‘ಯರ್ರಿಸ್ವಾಮಿ’, ಮತ್ತೊಂದರಲ್ಲಿ ‘ಯರಿಸ್ವಾಮಿ’. ಒಂದೆಡೆ ತಂದೆಯ ಹೆಸರು ಮುಂದೆ, ಇನ್ನೊಂದೆಡೆ ಹಿಂದೆ. ಇಂಗ್ಲಿಷ್ ಅಕ್ಷರಗಳ ಹೊಳೆಯನ್ನು ದಾಟಿ ಮರಳಿ ಕನ್ನಡಕ್ಕೆ ಬರುವಷ್ಟರಲ್ಲಿ ಲಕಾರ ಳಕಾರಗಳ ಭೇದ ಅಳಿಯುವುದು, ಹ್ರಸ್ವದೀರ್ಘಗಳು ಕಲೆಯುವುವು. ಕೊಳಗಲ್ಲು ‘ಕೋಲಗಲ್ಲು’ ಆಗುವುದು. ೨೦೨೪ರಲ್ಲಿ ರಾಜ್ಯದಲ್ಲೆಲ್ಲ ಪಹಣಿಗೆ ಆಧಾರವನ್ನು ಜೋಡಿಸುವ ಕೆಲಸವು ನಡೆದಾಗ ಇಂತಹ ಪಾಠಾಂತರಗಳ ಕಷ್ಟವು ಮನೆಮನೆಗೂ ಅನುಭವಕ್ಕೆ ಬಂದಿತು. ಒಬ್ಬನೇ ಮನುಷ್ಯನು ಮೂರು ದಾಖಲೆಗಳಲ್ಲಿ ಮೂವರಾಗಿ, ತಾನು ತಾನೇ ಎಂದು ಸಾಧಿಸುವುದಕ್ಕೆ ಕಚೇರಿಯಿಂದ ಕಚೇರಿಗೆ ತಿರುಗಬೇಕಾಗುವುದು.

ಇದರೊಡನೆ ಹೆಬ್ಬೆಟ್ಟಿನ ಮಾತನ್ನೂ ಸೇರಿಸಬೇಕು. ಹಿಂದೆ ‘ಹೆಬ್ಬೆಟ್ಟು’ ಎಂದರೆ ಓದುಬಾರದವನೆಂದು ಹೀಯಾಳಿಸುವ ಅರ್ಥವಿದ್ದಿತು. ಇಂದು ಪಡಿತರದ ಅಂಗಡಿಯ ಮುಂದೆ ಪಂಡಿತನೂ ಪಾಮರನೂ ಸಮಾನವಾಗಿ ಬೆರಳನ್ನೊತ್ತುವರು. ಶಬ್ದದ ಅವಮಾನವು ಕಳೆಯಿತು. ಆದರೆ ಹೊಸದೊಂದು ಕಷ್ಟವು ಹುಟ್ಟಿತು. ಜೀವಮಾನವೆಲ್ಲ ಹತ್ತಿ ಬಿಡಿಸಿ, ಮೆಣಸಿನಕಾಯಿ ಕೊಯ್ದು, ಭತ್ತದ ಗದ್ದೆಯಲ್ಲಿ ನಾಟಿ ಮಾಡಿದ ಕೈಯ ರೇಖೆಗಳು ಸವೆದಿರುವುವು. ಯಂತ್ರವು ಆ ಬೆರಳನ್ನು ಗುರುತಿಸದೆ ‘ಹೊಂದಾಣಿಕೆಯಾಗಿಲ್ಲ’ ಎನ್ನುವುದು. ದುಡಿದ ಕೈಯೇ ದುಡಿದುದಕ್ಕಾಗಿ ಅಪರಿಚಿತವಾಯಿತು! ‘ಈ ಯಂತ್ರಕ್ಕೆ ನಿಮ್ಮ ಬೆರಳು ತಿಳಿಯುತ್ತಿಲ್ಲ’ ಎಂದು ಬರೆದಿದ್ದರೆ ಕುಂದು ಯಂತ್ರದ್ದಾಗುತ್ತಿದ್ದಿತು. ಕರ್ತೃವನ್ನು ಬಿಟ್ಟ ಮಾತ್ರಕ್ಕೆ ಅದು ಮುದುಕಿಯ ಕುಂದಾಗಿ ಪರಿಣಮಿಸಿತು.

೫

ಭಾಷೆಯ ಈ ಕುಂದುಗಳಿಂದ ಆಗುವ ನಷ್ಟವು ಕೇವಲ ಸೌಂದರ್ಯದ ನಷ್ಟವಲ್ಲವೆಂಬುದಕ್ಕೆ ಒಂದು ನಿದರ್ಶನವು ಸಾಕು. ೨೦೧೬ರಲ್ಲಿ ಯುಪಿಐ ಬಂದ ಮೇಲೆ ಹಣವು ಫೋನಿನಿಂದ ಫೋನಿಗೆ ಕ್ಷಣಮಾತ್ರದಲ್ಲಿ ಹೋಗುವಂತಾಯಿತು. ಚಹದ ಅಂಗಡಿಯವನಿಗೂ ತರಕಾರಿಯ ಬುಟ್ಟಿಯವಳಿಗೂ ಇದರಿಂದ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಣದೊಡನೆ ಕಳ್ಳರೂ ಅದೇ ದಾರಿಯನ್ನು ಹಿಡಿದರು. ೨೦೧೭ರ ಜುಲೈ ೬ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆಯನ್ನು ಹೊರಡಿಸಿತು. ಬ್ಯಾಂಕಿನದಾಗಲಿ ಖಾತೆದಾರನದಾಗಲಿ ತಪ್ಪಿಲ್ಲದೆ, ಬೇರೆಲ್ಲಿಯೋ ಆದ ಲೋಪದಿಂದ ಅವನ ಹಣವು ಹೋದಲ್ಲಿ, ಬ್ಯಾಂಕಿನ ಸಂದೇಶವು ತಲುಪಿದ ಮೂರು ಕೆಲಸದ ದಿನಗಳೊಳಗೆ ಅವನು ತಿಳಿಸಿದರೆ ಅವನ ಮೇಲೆ ನಷ್ಟದ ಭಾರವಿಲ್ಲವೆಂದು ಅದು ವಿಧಿಸಿತು. ತಡವಾದಂತೆ ಅವನ ಪಾಲಿನ ಭಾರವು ಹೆಚ್ಚುವಂತೆಯೂ ಗೊತ್ತುಪಡಿಸಿತು. ನಿಯಮವು ಉದಾರವಾದುದೇ. ಆದರೆ ಗಡುವು ಎಲ್ಲಿಂದ ಮೊದಲಾಗುವುದು? ಆ ಸಂದೇಶದಿಂದ. ಸಂದೇಶವು ಯಾವ ಭಾಷೆಯಲ್ಲಿರುವುದು? ಅನೇಕವೇಳೆ ಇಂಗ್ಲಿಷಿನಲ್ಲಿ, ಕನ್ನಡದಲ್ಲಿದ್ದರೂ ಮೇಲೆ ಹೇಳಿದ ‘ಲಾಗಿದೆ’ಯ ಕನ್ನಡದಲ್ಲಿ. ಓದಲಾರದ ಸಂದೇಶವು ತಲುಪಿದ ದಿನವೇ ಗಡಿಯಾರವು ನಡೆಯತೊಡಗುವುದು. ಅದನ್ನು ಓದಿಹೇಳುವ ಮೊಮ್ಮಗನು ಬಳ್ಳಾರಿಯ ಕಾಲೇಜಿನಿಂದ ಹಬ್ಬಕ್ಕೆ ಬರುವಷ್ಟರಲ್ಲಿ ಮೂರು ದಿನಗಳು ಎಂದೋ ಕಳೆದಿರುವುವು.

ಇದಕ್ಕೆ ಎದುರಾಗಿ ಕಳ್ಳನ ಭಾಷೆಯನ್ನು ನೋಡಿರಿ. ಅವನು ಕರೆಮಾಡಿ ‘ಅಮ್ಮಾ’ ಎನ್ನುವನು, ‘ನಿಮ್ಮ ಕಾರ್ಡು ಈ ಹೊತ್ತು ಬಂದಾಗತದ, ನಾ ಸರಿಮಾಡ್ತೀನಿ, ನಂಬರು ಹೇಳ್ರಿ’ ಎನ್ನುವನು. ಅವನ ವಾಕ್ಯದಲ್ಲಿ ಕರ್ತೃವಿದೆ, ಕ್ರಿಯೆಯಿದೆ, ಮರ್ಯಾದೆಯಿದೆ, ಕೇಳುವವಳ ಕಷ್ಟದ ಮೇಲೆ ಕರುಣೆಯಂತೆ ತೋರುವ ಧ್ವನಿಯೂ ಇದೆ. ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ’ ಎಂಬ ಎಚ್ಚರಿಕೆಯಾದರೋ ಪರಭಾಷೆಯಲ್ಲಿ ಮೌನವಾಗಿ ಮೂಡಿ ಮರೆಯಾಗು��ುದು. ಮೋಸವು ಸಜೀವವಾದ ಕನ್ನಡವನ್ನಾಡುತ್ತಿರಲು ರಕ್ಷಣೆಯು ನಿರ್ಜೀವವಾದ ಭಾಷೆಯನ್ನಾಡಿದರೆ ಯಾವುದು ಗೆಲ್ಲುವುದು? ಸಾಹಿತ್ಯದವರಿಗೆ ಈ ಪ್ರಶ್ನೆಯು ಸಂಬಂಧಿಸಿದುದಲ್ಲವೆಂದು ಹೇಳುವ ಧೈರ್ಯವು ನಮಗಿಲ್ಲ. ಮೋಸಹೋದವರು ಕೂಡಲೆ ೧೯೩೦ ಎಂಬ ಸಂಖ್ಯೆಗೆ ಕರೆಮಾಡಬಹುದೆಂಬ ವ್ಯವಸ್ಥೆಯಿದೆ. ಈ ನಾಲ್ಕು ಅಂಕೆಗಳನ್ನು ವಾಚಕರು ತಮ್ಮ ಮನೆಯ ಹಿರಿಯರಿಗೆ ಬಾಯಿಪಾಠ ಮಾಡಿಸುವುದು ಒಳ್ಳೆಯದು.

೬

‘ಸಂಕ್ಷೇಪವಾಗಿ ಬರೆಯಬೇಕಾದಲ್ಲಿ ಇಂತಹ ಕನ್ನಡವೇ ಅನಿವಾರ್ಯ’ ಎಂದು ಯಂತ್ರದ ಪಕ್ಷದವರು ವಾದಿಸಬಹುದು. ಈ ವಾದವನ್ನು ಜನರ ಬಾಯಿಯೇ ಸುಳ್ಳುಮಾಡಿದೆ. ೨೦೨೩ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆಯು ಆರಂಭವಾಗಿ ಮನೆಯೊಡತಿಗೆ ತಿಂಗಳಿಗೆ ೨,೦೦೦ ರೂಪಾಯಿ ಕೊಡುವ ಏರ್ಪಾಡು ಬಂದಾಗ ಯಂತ್ರವು ‘ಮೊತ್ತವನ್ನು ಜಮಾ ಮಾಡಲಾಗಿದೆ’ ಎಂದಿತು; ನಮ್ಮ ಕಡೆಯ ಹೆಂಗಸರು ‘ರೊಕ್ಕ ಬಿದ್ದಾವ’ ಎಂದರು. ಯಾವುದು ಸಂಕ್ಷೇಪ? ಯಾವುದು ಸ್ಪಷ್ಟ? ‘ನೆಟ್ಟು ಸಿಗವಲ್ದು’, ‘ರೀಚಾರ್ಜ್ ಹಾಕಿಸು’, ‘ಮಿಸ್ ಕಾಲ್ ಕೊಡು’, ‘ಬೆರಳು ಹಿಡೀವಲ್ದು’ ಮೊದಲಾದ ಮಾತುಗಳನ್ನು ಯಾವ ಸಮಿತಿಯೂ ರಚಿಸಲಿಲ್ಲ. ಹೊಸ ವಸ್ತುವು ಕೈಗೆ ಬಂದೊಡನೆ ಜನರು ಅದಕ್ಕೆ ಮಾತನ್ನು ಕಟ್ಟಿದರು. ಕಟ್ಟಿದ ಮಾತಿನಲ್ಲಿ ಕ್ರಿಯಾಪದಗಳೆಲ್ಲ ಹಳೆಯ ಕನ್ನಡದವೇ ಆಗಿವೆ. ಬೀಳು, ಸಿಗು, ಹಾಕು, ಕೊಡು, ಹಿಡಿ. ಭಾಷೆಯ ಬೆನ್ನೆಲುಬು ಕ್ರಿಯಾಪದದಲ್ಲಿರುವುದೆಂಬ ತತ್ತ್ವಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕೆ?

ಓದು ಬಾರದವರು ಧ್ವನಿಸಂದೇಶವನ್ನು ಕಳುಹಿಸುವುದನ್ನೂ ಇಲ್ಲಿ ಸ್ಮರಿಸಬೇಕು. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ಮಗನಿಗೆ ಹಳ್ಳಿಯ ತಾಯಿಯು ಗುಂಡಿಯನ್ನೊತ್ತಿ ಹಿಡಿದು ತನ್ನ ಮಾತನ್ನೇ ಕಳುಹಿಸುವಳು. ಕನ್ನಡದಲ್ಲಿ ಮೊದಲುಮಾಡಿ ತೆಲುಗಿನಲ್ಲಿ ಮುಗಿಸಿದರೂ ಈ ಗಡಿಸೀಮೆಯಲ್ಲಿ ಅದು ಸಹಜವೇ. ಅಲ್ಲಿ ಯಂತ್ರವು ಮಾತನ್ನು ಹೊತ್ತೊಯ್ಯುವ ಆಳು, ಆಡುವವಳು ಅವಳು. ಯಂತ್ರವು ಆಳಾಗಿರುವೆಡೆ ಭಾಷೆಯು ಕೆಟ್ಟಿಲ್ಲ. ಯಂತ್ರವೇ ಯಜಮಾನನ ಪರವಾಗಿ ಆಡತೊಡಗಿದೆಡೆ ಕೆಟ್ಟಿದೆ.

ಈಗ ತುರ್ತಿನ ಕಾರಣವೂ ಒಂದು ಒದಗಿದೆ. ೨೦೧೧ರಿಂದ ಗೂಗಲಿನ ಯಂತ್ರಾನುವಾದದಲ್ಲಿ ಕನ್ನಡವು ಸೇರಿದೆ, ೨೦೨೨ರಲ್ಲಿ ಭಾರತ ಸರಕಾರವು ‘ಭಾಷಿಣಿ’ಯೆಂಬ ಯೋಜನೆಯನ್ನು ಮೊದಲುಮಾಡಿತು, ಇತ್ತೀಚಿನ ವರ್ಷಗಳಲ್ಲಿ ತಾವೇ ವಾಕ್ಯವನ್ನು ರಚಿಸುವ ಯಂತ್ರಗಳೂ ಬಂದಿವೆ. ಇವೆಲ್ಲ ಈಗಾಗಲೇ ಇರುವ ಬರೆಹವನ್ನು ಓದಿ ಅದರಂತೆ ಬರೆಯಲು ಕಲಿಯುವುವು. ಇರುವ ಬರೆಹದಲ್ಲಿ ‘ಲಾಗಿದೆ’ಯೇ ತುಂಬಿದ್ದರೆ ನಾಳೆಯ ಯಂತ್ರವು ಅದನ್ನೇ ಕನ್ನಡವೆಂದು ತಿಳಿಯುವುದು, ನಾಡಿದ್ದು ಶಾಲೆಯ ಮಕ್ಕಳು ಯಂತ್ರದಿಂದ ಅದನ್ನೇ ಕಲಿಯುವರು. ಕೊಳೆಯು ಕೆರೆಗೆ ಸೇರುವ ಮೊದಲೇ ಕಾಲುವೆಯನ್ನು ಕಟ್ಟುವುದು ಜಾಣತನ.

ಇದಕ್ಕೆ ನಾವು ಮಾಡತಕ್ಕದ್ದೇನು? ಜಿಲ್ಲೆಯ ಸಾಹಿತ್ಯ ಸಂಘಗಳು ಈ ಕೆಲಸವನ್ನು ಸುಲಭವಾಗಿ ಕೈಕೊಳ್ಳಬಹುದು. ಜನರ ಫೋನುಗಳಿಗೆ ಬರುವ ಸಂದೇಶದ ಮಾದರಿಗಳನ್ನು, ಹೆಸರು ಸಂಖ್ಯೆಗಳನ್ನು ಬಿಟ್ಟು, ಸಂಗ್ರಹಿಸಬೇಕು. ಒಂದೊಂದನ್ನೂ ಓದು ಬಾರದ ಒಬ್ಬರಿಗೆ ಗಟ್ಟಿಯಾಗಿ ಓದಿಹೇಳಿ, ಅವರಿಗೆ ಏನು ತಿಳಿಯಿತೆಂದು ಕೇಳಬೇಕು. ತಿಳಿಯದುದನ್ನು ಅವರ ಮಾತಿನಲ್ಲೇ ತಿದ್ದಬೇಕು. ಉದಾಹರಣೆಗೆ, ‘ಮೊತ್ತವನ್ನು ಕಡಿತಗೊಳಿಸಲಾಗಿದೆ, ನೀವು ಮಾಡದಿದ್ದಲ್ಲಿ ಸಂಪರ್ಕಿಸಿ’ ಎಂಬುದರ ಬದಲು ‘ಇಂದು ಬೆಳಗ್ಗೆ ೧೦ ಗಂಟೆಗೆ ನಿಮ್ಮ ಖಾತೆಯಿಂದ ೫೦೦ ರೂಪಾಯಿ ಹೋಯಿತು. ತೆಗೆದವರು ನೀವಲ್ಲವಾದರೆ ಮೂರು ದಿನದೊಳಗೆ ಈ ನಂಬರಿಗೆ ಫೋನು ಮಾಡಿ ತಿಳಿಸಿರಿ’ ಎಂದು ಬರೆಯಬಹುದು. ‘ತಿರಸ್ಕರಿಸಲಾಗಿದೆ’ ಎಂಬುದರ ಬದಲು ‘ತಹಶೀಲ್ದಾರರು ನಿಮ್ಮ ಅರ್ಜಿಯನ್ನು ಒಪ್ಪಲಿಲ್ಲ. ಕಾರಣ ಇದು. ಮತ್ತೆ ಕೇಳಬೇಕಾದ ಸ್ಥಳ ಇದು’ ಎಂದು ಬರೆಯಬಹುದು. ನಾಲ್ಕು ಪದಗಳು ಹೆಚ್ಚಾದುವೆಂದು ಯಾರಾದರೂ ಹೇಳಿದರೆ ಆ ನಾಲ್ಕು ಪದಗಳಲ್ಲೇ ಮನುಷ್ಯನಿರುವನೆಂದು ಉತ್ತರ ಕೊಡಬೇಕು. ತಿದ್ದಿದ ವಾಕ್ಯಗಳನ್ನು ಆಯಾ ಬ್ಯಾಂಕು, ಇಲಾಖೆಗಳಿಗೆ ಕಳುಹಿಸಬೇಕು. ಉತ್ತರ ಬಾರದಿದ್ದರೆ ಮತ್ತೆ ಕಳುಹಿಸಬೇಕು.

ಹಳಕಟ್ಟಿಯವರ ಕಾಲದಲ್ಲಿ ಸಾಹಿತ್ಯಸೇವೆಯೆಂದರೆ ಓಲೆಯ ಗರಿಗಳನ್ನು ಹುಡುಕಿ ಅಚ್ಚಿನ ಮೊಳೆಗಳನ್ನು ಜೋಡಿಸುವುದಾಗಿದ್ದಿತು. ನಮ್ಮ ಕಾಲದಲ್ಲಿ ಅದಕ್ಕೆ ಇನ್ನೊಂದು ಕೆಲಸವು ಕೂಡಿದೆ. ಕೊಳಗಲ್ಲಿನ ಕಲ್ಲಿನಲ್ಲಿ ಬರೆಯಿಸಿದವರಿಗೆ ತಾವು ಯಾರೆಂದು ಹೇಳಿಕೊಳ್ಳುವುದಕ್ಕೆ ಸಂಕೋಚವಿರಲಿಲ್ಲ. ಅದೇ ಊರಿನ ರೈತನ ಕೈಯ ಗಾಜಿನಲ್ಲಿ ಬರೆಯುವವರೂ ತಾವು ಯಾರು, ಏನು ಮಾಡಿದೆವು, ಏಕೆ ಮಾಡಿದೆವು ಎಂಬುದನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ಅವರು ಹೇಳುವವರೆಗೆ ಕೇಳುತ್ತಿರುವುದು ವಿಮರ್ಶಕರ ಕರ್ತವ್ಯವೆಂದು ವಾಚಕರಲ್ಲಿ ಅರಿಕೆ ಮಾಡಿಕೊಂಡು ಈ ಲೇಖನವನ್ನು ಮುಗಿಸುವೆವು.